ಹತ್ತರಲ್ಲಿ ಒಂದು

ಮೊಂಗುವಿನಲ್ಲಿ ಈಗ ನೆರೆ.
ಜಾಂಬೆಜಿ ಯಾರನ್ನೂ ಕೇಳದೆ, ಯಾವ ಅಳತೆಯೂ ಇಲ್ಲದೆ
ಇಡೀ ಬಯಲನ್ನು ನೀರಿಗೆ ಬೆರೆಸಿಬಿಟ್ಟಿದೆ.
ದೋಣಿಯಲ್ಲಿ ಬಂದವರು ಮರಳಿನ ದಿಬ್ಬ ಹತ್ತಿ
ಲ್ಯಾಬಿನ ಜಗಲಿಯಲ್ಲಿ ಕೂತಿದ್ದಾರೆ,
ಜ್ವರದ ಮಕ್ಕಳನ್ನು ಮಡಿಲಲ್ಲಿ ಮಡಚಿಕೊಂಡು.

ಒಳಗೆ ನಾನು, ಕಲಿಯಲು ಬಂದು ಏಳನೇ ವಾರ.
ಮೂವತ್ತೊಂದು ಗಾಜಿನ ಪಟ್ಟಿ,
ಒಂದೊಂದರ ಮೇಲೂ ಒಣಗಿದ ರಕ್ತದ ಬೊಟ್ಟು.
ಕಂದು ಬಾಟಲಿಯ ತಳದಲ್ಲಿ ಗೀಮ್ಸಾ ಬಣ್ಣ
ನಾಲ್ಕೇ ಮಿಲಿಲೀಟರ್.
ಲುಸಾಕದ ಲಾರಿ ಕಾವೊಮಾದ ಆಚೆ ಎಲ್ಲೋ ಹೂತಿದೆಯಂತೆ.

ಹತ್ತರಲ್ಲಿ ಒಂದು, ಅಂದೆ.
ಹಾಗಂದರೆ? ಅಂದ ಲಿಕಾಂಡೊ, ಕನ್ನಡಕ ಒರೆಸುತ್ತ.
ಒಂದು ಪಾಲು ಬಣ್ಣ, ಹತ್ತು ಪಾಲು ಬಫರ್.
ಕೂಡು.
ಕೂಡಿದೆ. ಹನ್ನೊಂದು.
ದೋಣಿಯಲ್ಲಿ ಎಷ್ಟು ಜನ ಎಂದರೆ
ಹುಟ್ಟು ಹಾಕುವವನನ್ನು ಬಿಟ್ಟು ಎಣಿಸುತ್ತೀಯೇನಮ್ಮ?

ತಿದ್ದಿದೆ. ಒಂದು, ಜೊತೆಗೆ ಒಂಬತ್ತು.
ನಾಲ್ಕು ನಲವತ್ತಾಯಿತು. ಪಟ್ಟಿಗೆ ಮೂರರಂತೆ ಭಾಗಿಸಿದೆ.
ಹದಿಮೂರು.
ಹದಿನಾಲ್ಕನೆಯದರ ಅಂಚಿನಲ್ಲಿ
ಪೆನ್ಸಿಲಿನಲ್ಲಿ ನಾನೇ ಬರೆದ ಹೆಸರು:
ಲುಬಿಂದಾ, ಮೂರು ವರ್ಷ.

ನೂರರಲ್ಲಿ ಮೂರು ಮಾಡು, ಅಂದ.
ತೆಳ್ಳಗಾಗುತ್ತದಲ್ಲ?
ಆಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ.
ಬಣ್ಣ ಇಲ್ಲದವರು ಹೊತ್ತು ಕೊಡಬೇಕು.

ಬೀಗಿಕೊಂಡು ನಾಲ್ಕನ್ನೂ ಸುರಿಯಹೊರಟೆ:
ನೂರ ಮೂವತ್ತಮೂರು! ನಲವತ್ತನಾಲ್ಕು ಪಟ್ಟಿ!
ಅವನ ಅಂಗೈ ಬಾಟಲಿಯ ಬಾಯಿ ಮುಚ್ಚಿತು.
ಇರುವವರೆಷ್ಟು?
ಬೆರೆಸಿದ್ದು ಸಂಜೆಗೆ ಸಾಯುತ್ತದೆ,
ಬೆರೆಸದ್ದು ನಾಳೆಗೂ ಇರುತ್ತದೆ.
ಮೂವತ್ತೊಂದು ಮೂರಲ ತೊಂಬತ್ತಮೂರು,
ಅದರಲ್ಲಿ ನೂರಕ್ಕೆ ಮೂರು,
ಎರಡು ಬಿಂದು ಏಳು ಒಂಬತ್ತು.
ಎರಡು ಬಿಂದು ಎಂಟು ಅನ್ನು, ಅಂದ,
ನಮ್ಮ ಪಿಪೆಟ್ಟಿಗೆ ಅಷ್ಟು ಕಣ್ಣಿಲ್ಲ.

ಬಣ್ಣ ಇಳಿಯುವಾಗ ಉಸಿರು ಹಿಡಿದಿದ್ದೆ.
ಕಡುನೀಲಿಯ ಬಳ್ಳಿಯೊಂದು ಬಫರಿನಲ್ಲಿ ತಲೆಕೆಳಗಾಗಿ ಬೆಳೆದು
ಒಂದು ಸಲ ಅಲುಗಿಸಿದ್ದಕ್ಕೆ ಇಲ್ಲವಾಯಿತು.

ಜಗಲಿಗೆ ಬಂದೆ. ಲುಬಿಂದಾನ ತಾಯಿ ಇನೊಂಗೆ ತಲೆಯೆತ್ತಿದಳು.
ನಿನ್ನೆ ಬಂದವರಿಗೆ ಬೇಗ ಹೇಳಿದಿರಂತೆ. ಇವತ್ತೇನು?
ಬಣ್ಣ ಕಡಿಮೆ, ಅಂದೆ, ಬೆರೆಸಿದ್ದೇವೆ.
ನೀರು ಹಾಕಿದ್ದೀಯಾ?
ಸಂತೆಯಲ್ಲಿ ಹುಳಿಹಾಲು ಮಾರುವವಳು;
ದಿನವೂ ಆ ಮಾತು ಕೇಳಿಸಿಕೊಂಡು ಜಗಳ ಕಾದವಳು
ಇವತ್ತು ತಾನೇ ಕೇಳುತ್ತಿದ್ದಾಳೆ.
ಬಫರ್ ಎಂಬ ಪದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.
ಹಾಕಿದ್ದೇನೆ. ಎಷ್ಟು ಅಂತ ಬರೆದಿಟ್ಟಿದ್ದೇನೆ.
ಅವಳು ಒಂದು ಗಳಿಗೆ ನನ್ನ ಮುಖ ನೋಡಿ
ಮಗನ ತಲೆಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು.

ನಲವತ್ತೈದನೆಯ ನಿಮಿಷ.
ತೊಳೆದು, ಒರಗಿಸಿ, ಒಣಗಿಸಿ, ಎಣ್ಣೆಯ ಹನಿಯಿಟ್ಟು
ಹದಿನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಕುತ್ತಿಗೆ ಮರಗಟ್ಟಿತ್ತು.
ಇದ್ದವು.
ಕೆಂಪು ಚುಕ್ಕೆ, ಚುಕ್ಕೆಗೆ ಅಂಟಿದ ನೀಲಿ ಎಳೆ,
ಮಸುಕು ಹಿನ್ನೆಲೆಯಲ್ಲಿ ಒಂದಲ್ಲ, ಹಿಂಡು.
ಲಿಕಾಂಡೊ ಬಗ್ಗಿ ನೋಡಿದ. ಎಣಿಸು, ಅಂದ.
ಬಿಳಿಕಣ ಇನ್ನೂರಾಗುವ ತನಕ ಎಣಿಸಿದೆ.
ಚೀಟಿ ಹಿಡಿದು ಇನೊಂಗೆ ಮಾತ್ರೆಯ ಕಿಟಕಿಯತ್ತ ನಡೆದಳು,
ಬೆನ್ನಿಗೆ ಕಟ್ಟಿದ ಮಗನ ಕಾಲೆರಡು ಜೋತಾಡುತ್ತ.

ಸಂಜೆ ಬಾಟಲಿಯನ್ನು ಬೆಳಕಿಗೆ ಹಿಡಿದೆ.
ಒಂದು ಬಿಂದು ಎರಡು.
ನೂರಕ್ಕೆ ಮೂರರಂತೆ ನಲವತ್ತು,
ಪಟ್ಟಿಗೆ ಮೂರರಂತೆ
ಮತ್ತೆ ಅದೇ ಹದಿಮೂರು.

ಕೆಳಗೆ, ದಡದಲ್ಲಿ, ನಾಳೆಗೆ ಬಂದ ದೋಣಿಗಳನ್ನು
ಯಾರೋ ಮರಳಿಗೆ ಎಳೆದು ಕಟ್ಟುತ್ತಿದ್ದಾರೆ.
ಎಣಿಸಬಾರದು ಅಂದುಕೊಂಡೆ.
ಎಣಿಸಿದೆ,
ಹುಟ್ಟು ಹಾಕುವವರನ್ನೂ ಸೇರಿಸಿ.